ಆ ಎಲೆಯ ಹೆಸರು ಬೇಕು

ಮನೋಳಿ, ಸೋಮವಾರ

ಚಿ. ಅನ್ನಪೂರ್ಣಾಳಿಗೆ ವೈನಿಯ ಆಶೀರ್ವಾದ.

ಫೋನಿನಲ್ಲಿ ನೀನು ಅಳಲು ಶುರು ಮಾಡುತ್ತೀ, ನನ್ನ ಮಾತು ಮುಗಿಯುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನೀನು ಸಾಲಹಳ್ಳಿಯಿಂದ ಕಳಿಸಿದ ಕಾಮಾಲೆ ಔಷಧದ ಮೂರನೆಯ ಬಾಟಲಿಯನ್ನು ಬಚ್ಚಲಿಗೆ ಸುರಿದೆ. ಸಿಟ್ಟಾಗುವುದಿದ್ದರೆ ಪೂರ್ತಿ ಓದಿ ಆಗು.

ನಿನ್ನ ಅಣ್ಣನದು ಸೊಪ್ಪಿನ ರಸಕ್ಕೆ ಇಳಿಯುವ ಕಾಮಾಲೆಯಲ್ಲ. ಲಿವರಿನ ಗಡ್ಡೆಗೆ ಕೊಟ್ಟ ರೇಡಿಯೇಶನ್ ಪಕ್ಕದ ಒಳ್ಳೆಯ ಭಾಗಕ್ಕೂ ತಾಗಿದೆ. ಅಲ್ಲಿನ ಸಣ್ಣ ರಕ್ತನಾಳಗಳು ಮುಚ್ಚಿ, ರಕ್ತ ಸಿಗದೆ ಜೀವಕೋಶಗಳು ಸಾಯುತ್ತಿವೆ. ರೇಡಿಯೇಶನ್ ಮುಗಿದು ಎರಡು ತಿಂಗಳ ಮೇಲೆ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾದದ್ದು ಅದಕ್ಕೇ. ಡಾಕ್ಟರು ಹೇಳಿದ್ದು ಇಷ್ಟು: "ಉಳಿದ ಕೋಶ ಚೇತರಿಸ್ಕೋಬೇಕ್ರಿ. ಅವಕ್ಕ ಇನ್ನೊಂದು ಭಾರ ಹೊರಸಬ್ಯಾಡ್ರಿ."

ನಿನ್ನ ಅಣ್ಣನೋ, "ತಂಗಿ ಪ್ರೀತಿಲೆ ಕಳಸ್ಯಾಳ, ಕೊಡ ಇತ್ತ" ಎನ್ನುತ್ತಾರೆ. ಸೊಸೆಯಾಗಿ ಬಂದಾಗಿನಿಂದ ನಿಮ್ಮ ಮನೆತನದ ಹಟ ನೋಡಿ ನನಗೆ ಸಾಕಾಗಿದೆ.

ಈಗ ಕೆಲಸದ ಮಾತು. ಎಲೆಯ ಹೆಸರು ಹೇಳಿದರೆ ಔಷಧದ ಗುಣ ಹೋಗುತ್ತದೆಂದು ಅದನ್ನು ಅರೆದು ಕೊಡುವ ನಿಮ್ಮೂರಿನ ಆ ಶಟ್ಟೆಪ್ಪ ಯಾರಿಗೂ ಹೇಳುವುದಿಲ್ಲ. ನೀನು ಅವನ ಮನೆಗೆ ಹೋಗಿ ಕುಳಿತು, ಯಾವ ಯಾವ ಎಲೆ ಎಂದು ಕೇಳಿ ಬರೆದುಕೋ. ಗುಣ ಹೋದರೆ ಹೋಗಲಿ. ಗುರುವಾರ ಆಸ್ಪತ್ರೆಗೆ ಹೋಗುವುದರೊಳಗೆ ನನಗೆ ತಿಳಿಸು.

"ನಾಟಿ ಔಷಧ ಏನರ ಕೊಟ್ಟೀರೇನ್ರಿ?" ಎಂದು ಡಾಕ್ಟರು ಕೇಳಿದಾಗ, "ನಮ್ಮ ಮನ್ಯಾಗ ಅಂಥಾದ್ದು ನಡಿಯೂದಿಲ್ರಿ" ಎಂದಿದ್ದೆ. ಮೊದಲಿನ ಎರಡು ಬಾಟಲಿಗಳನ್ನು ಕುಡಿಸಿದವಳು ನಾನೇ.

ನೀನೂ ಆಸ್ಪತ್ರೆಗೆ ಬಾ. ಡಾಕ್ಟರಿಗೆ ನಿಜ ಹೇಳುವಾಗ ಪಕ್ಕದಲ್ಲಿ ನಮ್ಮವರು ಒಬ್ಬರಿರಲಿ.

ನಿನ್ನ ವೈನಿ,
ಸೋಮವ್ವ