ಎಡಕ್ಕೊಂದು ಸಣ್ಣ ಕೆಮ್ಮು

ದಸ್ತಗೀರ ಮಾಮಾ, ಸಲಾಂ.

ಕುಳಿತು ಬರೆಯಲು ಆಗುತ್ತಿಲ್ಲ. ಒಂದು ಸಾಲು ಬರೆದು ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದೇನೆ. ಫುಟ್‌ಬಾಲಿನಲ್ಲಿ ಹಾಫ್ ಆಡಿದವನ ಕಾಲಿಗೆ ಇದೊಂದು ರೋಗ ಎಂದು ನೀವೇ ಹೇಳುತ್ತಿದ್ದಿರಿ. ಮೈದಾನದ ನಡುವೆ ಆಡುವವನು ಗೋಲಿನ ಕಡೆಗೂ ಓಡಬೇಕು, ಅಲ್ಲಿಂದ ಹಿಂದಕ್ಕೂ ಬರಬೇಕು. ಅವನಿಗೆ ಸ್ವಂತ ಜಾಗವೆಂಬುದಿಲ್ಲ. ನಿಮಗಾದರೂ ಎಲ್ಲಿತ್ತು? ಕೊಲ್ಹಾಪುರದ ತಂಡಕ್ಕೆ ವರ್ಷಗಟ್ಟಲೆ ಹಾಫ್ ಆಡಿದಿರಿ. ಮೊಣಕಾಲು ಕೆಟ್ಟ ಮೇಲೆ ನಿಪ್ಪಾಣಿಯ ತಂಬಾಕಿನ ಗೋದಾಮು ಸೇರಿದಿರಿ. ಸಂಜೆ ಅದೇ ಧೂಳು ಮೆತ್ತಿದ ಅಂಗಿಯಲ್ಲಿ ನಮಗೆ ಆಟ ಕಲಿಸಲು ಬರುತ್ತಿದ್ದಿರಿ.

ಮೈದಾನದ ಹೊರಗೆ ನಿಂತವರು ಒಳಗಿನವರಿಗೆ ಏನೂ ಹೇಳಬಾರದೆಂಬುದು ಆಗಿನ ನಿಯಮ. ಅದಕ್ಕೆ ನೀವು ಕೆಮ್ಮು ಕಂಡುಹಿಡಿದಿರಿ. ಸಣ್ಣ ಕೆಮ್ಮಿಗೆ ನಾನು ಚೆಂಡನ್ನು ಎಡಕ್ಕೆ ಕೊಡಬೇಕು, ಎಳೆದ ಕೆಮ್ಮಿಗೆ ಬಲಕ್ಕೆ. ಒಮ್ಮೆ ರಾಯಬಾಗದಲ್ಲಿ ರೆಫ್ರಿಗೆ ಸಂಶಯ ಬಂದು ನಿಮ್ಮ ಹತ್ತಿರ ಓಡಿ ಬಂದರು.

"ಹೊರಗಿಂದ ಮಾತಾಡಬ್ಯಾಡ್ರಿ ಅಂದೀನಲ್ರಿ!"

"ನಾ ಎಲ್ಲಿ ಮಾತಾಡೀನ್ರಿ ಸಾಹೇಬ್ರ? ಕೆಮ್ಮೀನಿ. ತಂಬಾಕಿನ ಊರ್ರಿ ನಮ್ದು. ನಮ್ಮೂರಾಗ ಹುಟ್ಟಿದ ಕೂಸೂ ಮೊದ್ಲ ಕೆಮ್ಮತೈತಿ, ಆಮ್ಯಾಲ ಅಳತೈತಿ."

ರೆಫ್ರಿಯೂ ನಕ್ಕುಬಿಟ್ಟರು. ಅವರು ಬೆನ್ನು ತಿರುಗಿಸಿದ ಕೂಡಲೇ ನೀವು ಸಣ್ಣಗೆ ಕೆಮ್ಮಿದಿರಿ.

ಚಿಕ್ಕೋಡಿಯ ಫೈನಲ್ ದಿನ ಆ ಕೆಮ್ಮು ನಿಲ್ಲಲೇ ಇಲ್ಲ. ಸಣ್ಣದು, ಎಳೆದದ್ದು, ಮತ್ತೆ ಸಣ್ಣದು. ನಾನು ಎಡಕ್ಕೆ ಕೊಟ್ಟೆ, ಬಲಕ್ಕೆ ಕೊಟ್ಟೆ, ಮತ್ತೆ ಎಡಕ್ಕೆ. ಮಿರಜದ ತಂಡ ಚೆಂಡಿನ ಹಿಂದೆ ಓಡಿ ಓಡಿ ಸುಸ್ತಾಯಿತು. ಕೊನೆಗೆ ಎಡಗಡೆ ನಮ್ಮ ಶೇಡಬಾಳದ ಅಪ್ಪಾಸಾಹೇಬನ ಎದುರಿಗೆ ಯಾರೂ ಉಳಿಯಲಿಲ್ಲ. ಅವನ ಗೋಲಿನಿಂದ ಕಪ್ ನಮ್ಮದಾಯಿತು. ವಾಪಸು ಬರುವಾಗ ಟೆಂಪೋದಲ್ಲಿ ನೀವು ಟವೆಲಿನಿಂದ ಬಾಯಿ ಒರೆಸಿಕೊಂಡು, "ನಾ ನಿಮಗ ಏನೂ ಹೇಳಿಲ್ಲಲೇ. ಖರೇನ ಕೆಮ್ಮ ಬಂದಿತ್ತ" ಎಂದಿರಿ.

"ಹಂಗಾರ ಮುಂದಿನ ಮ್ಯಾಚಿನ ತನಕ ಔಷಧಾ ತಗೋಬ್ಯಾಡ್ರಿ ಮಾಮಾ" ಎಂದ ಅಪ್ಪಾಸಾಹೇಬ.

ಟೆಂಪೋ ತುಂಬ ನಗೆ. ಎಲ್ಲರಿಗಿಂತ ಹೆಚ್ಚು ನಕ್ಕವರು ನೀವು. ಆ ನಗೆಯೂ ಕೆಮ್ಮಿನಲ್ಲೇ ಮುಗಿಯಿತು. ಯಾವುದು ಆಟದ್ದು, ಯಾವುದು ಖರೆಯದು ಎಂದು ನಮ್ಮಲ್ಲಿ ಯಾರಾದರೂ ಒಮ್ಮೆ ಕೇಳಿದ್ದರೆ...

ತೊಂಬತ್ತರ ವಿಶ್ವಕಪ್ಪಿನ ಹೊತ್ತಿಗೆ ನೀವು ಕೆಮ್ಮಿ ಕೆಮ್ಮಿ ಅರ್ಧ ಇಳಿದುಹೋಗಿದ್ದಿರಿ. ಆದರೂ ಬಸ್‌ಸ್ಟ್ಯಾಂಡ್ ಎದುರಿನ ರೇಡಿಯೋ ಅಂಗಡಿಯಲ್ಲಿ ಟಿವಿ ಮುಂದೆ ಒರಗಿ ನಿಂತು ನೋಡಿದಿರಿ. ನಿಮಗೆ ಹಿಡಿಸಿದ್ದು ಗೋಲು ಹೊಡೆದವರಲ್ಲ, ಯುಗೊಸ್ಲಾವಿಯಾದ ಒಬ್ಬ ಹಾಫ್. "ನೋಡಲೇ, ಚೆಂಡ ಬರೂಕಿಂತ ಮೊದ್ಲ ಹಿಂದ ಹೊಳ್ಳಿ ನೋಡ್ತಾನ. ಅಂವಾ ನಮ್ಮಂವ." ಅಂಗಡಿಯವನು ಪಕ್ಕದ ಹಳ್ಳಿಯ ಹೆಸರು ಹಿಡಿದು ಕೆಣಕಿದ: "ಅಕ್ಕೋಳದಾಂವೇನ್ರಿ ಮಾಮಾ?" ನೀವು ಬಿಡಲಿಲ್ಲ: "ಅಕ್ಕೋಳದಾಂವ ಆಗಿದ್ರ ಇಷ್ಟೊತ್ತಿಗೆ ಬೀಡಿ ಹಚ್ಚಾಕ ಕುಂಡ್ರತಿದ್ದ." ಮರುವರ್ಷದ ಮಳೆಗಾಲ ನೀವು ನೋಡಲಿಲ್ಲ.

ಆ ನಿಮ್ಮವನ ಸುದ್ದಿ ಹೇಳಬೇಕು. ನೀವು ಹೋದ ಮೇಲೆ ಅವನ ದೇಶ ಒಡೆಯಿತು. ಅವನ ಊರು ಸ್ಲೊವೇನಿಯಾ ಎಂಬ ಸಣ್ಣ ಹೊಸ ದೇಶಕ್ಕೆ ಸೇರಿತು. ಅಂಗಿ ಬದಲಿಸಿ ಅದಕ್ಕೂ ಆಡಿದನಂತೆ. ನಿಮಗಿದು ಹೊಸತಲ್ಲ. ನೀವು ಚೆಂಡು ಒದೆಯಲು ಕಲಿತಾಗ ನಿಪ್ಪಾಣಿ, ಕೊಲ್ಹಾಪುರ ಎರಡೂ ಒಂದೇ ರಾಜ್ಯದಲ್ಲಿದ್ದವು. ನಡುವೆ ಗೆರೆ ಬಿದ್ದ ಮೇಲೂ ನೀವು ಅದೇ ಬಸ್ಸು ಹತ್ತಿ ಹೋಗಿ ಆಡಿದಿರಿ. ಈಗ ಅವನೂ ಆಟ ಬಿಟ್ಟು ಕೋಚ್ ಆಗಿದ್ದಾನೆ. ಮೊನ್ನೆ ಪತ್ರಿಕೆಯಲ್ಲಿ ಚಿತ್ರ ಬಂದಿತ್ತು. ಮೈದಾನದ ಗೆರೆಯ ಪಕ್ಕದಲ್ಲೇ ನಿಂತು, ಕೈ ಚಾಚಿ, ಬಾಯಿ ತುಂಬ ಕೂಗುತ್ತಿದ್ದಾನೆ. ಯಾರೂ ಅವನನ್ನು ಹೊರಗಟ್ಟುತ್ತಿಲ್ಲ. ನಿಯಮ ಬದಲಾಗಿದೆ ಮಾಮಾ. ಇನ್ನು ಕೆಮ್ಮಬೇಕಾಗಿಲ್ಲ.

ಆ ಚಿತ್ರ ನೋಡುತ್ತಿದ್ದಾಗಲೇ ಅಪ್ಪಾಸಾಹೇಬ ಬಂದ. ನಿಮ್ಮ ನಂತರ ನಮ್ಮ ತಂಡಕ್ಕೆ ಕೋಚ್ ಆಗಿ ಯಾರೂ ನಿಲ್ಲಲಿಲ್ಲ. ನನ್ನನ್ನು ಕೇಳಿದಾಗಲೆಲ್ಲ ನಾನು ಏನೋ ನೆವ ಹೇಳಿ ಜಾರಿಕೊಂಡಿದ್ದೆ. ಗೆರೆಯ ಹೊರಗೆ ಒಂದೇ ಕಡೆ ನಿಲ್ಲುವುದು ನೀವು ಹೇಗೆ ತಡೆದುಕೊಂಡಿರೋ.

"ಐತವಾರ ಕಾಗವಾಡದಾಗ ಮ್ಯಾಚ್ ಐತ್ರಿ ಅಣ್ಣಾ" ಎಂದ. "ನೀವು ನಿಂತ್ರ ಟೀಮ್ ಉಳೀತೈತಿ. ಇಲ್ಲಂದ್ರ ಇದ ಕಡೀ ಆಟ. ಹುಡುಗ್ರು ಕ್ರಿಕೆಟ್ಟಿಗೆ ಹೊಂಟಾರ. ಅಲ್ಲಿ ನಡುನಡುವ ಕುಂಡ್ರಾಕಾರ ಬರತೈತಂತ."

ಇವತ್ತು ಕಾಗವಾಡಕ್ಕೆ ಹೋಗಿ ನಿಂತೆ. ನಿಂತೆ ಎಂದರೆ ಸುಳ್ಳಾದೀತು, ಗೆರೆಯುದ್ದಕ್ಕೂ ಅಲೆದಾಡಿದೆ. ಎಡಗಡೆ ಪೂರ್ತಿ ಖಾಲಿ ಬಿದ್ದಿತ್ತು. ಅಪ್ಪಾಸಾಹೇಬ ನನಗೆ ಬೆನ್ನು ಮಾಡಿಕೊಂಡು ನಿಂತಿದ್ದ, ಸ್ವಲ್ಪ ದಪ್ಪಗಾಗಿದ್ದಾನೆ. ಕೂಗಬಹುದಿತ್ತು. ಕೂಗಬೇಕೆಂದೇ ಬಾಯಿ ತೆರೆದೆ. ಸಣ್ಣದೊಂದು ಕೆಮ್ಮು ಬಂತು. ಅವನು ಹೊಳ್ಳಿ ನೋಡದೆ ಎಡಕ್ಕೆ ಓಡಿದ. ಯಾಕೆಂದು ತಿಳಿಯದ ಹೊಸಬರು ಚೆಂಡನ್ನೂ ಅತ್ತಲೇ ಕಳಿಸಿದರು.

ಸೋತೆವು. ಆದರೆ ಇದು ಕಡೆಯ ಆಟವಲ್ಲ. ಬರುವ ಐತವಾರವೂ ನಿಲ್ಲುತ್ತೇನೆಂದು ಅವರಿಗೆ ಹೇಳಿಬಂದಿದ್ದೇನೆ, ನಿಮಗೂ ಹೇಳುತ್ತಿದ್ದೇನೆ.

ಇನ್ನೊಂದಿದೆ. ಅರ್ಧ ಆಟ ಮುಗಿದಾಗ ಅಪ್ಪಾಸಾಹೇಬ ನೀರನ್ನೂ ಕುಡಿಯದೆ ನೆಟ್ಟಗೆ ನನ್ನ ಹತ್ತಿರ ಬಂದ.

"ಅಣ್ಣಾ, ಆ ಕೆಮ್ಮು ಆಟದ್ದೋ, ಖರೇದೋ?"

"ಆಟದ್ದು" ಎಂದೆ.

ನಂಬದೆ, ಮತ್ತೆ ಸೀಟಿ ಊದುವ ತನಕ ನನ್ನ ಮುಖ ನೋಡುತ್ತ ನಿಂತಿದ್ದ.