ಟವೆಲ್ ಹೊದಿಸಿದರೂ ಉರಿದ ಬಲ್ಬು

ಇವಳೇ,

ನೀನು ಓದುವುದಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ನೀನು ತೀರಿಕೊಂಡ ಮೇಲೆ ಕೈಗೊಂದು ಕೆಲಸ ಬೇಕಿತ್ತು. ಮನೆಯಲ್ಲೇ ಸೋಲಾರ್ ಪ್ಯಾನೆಲ್ ಮಾಡಹೊರಟೆ. 'ಸನ್ ಈಸ್ ದಿ ಸೋರ್ಸ್ ಆಫ್ ಆಲ್...' ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು, ಮುಂದಿನದು ಮರೆತಿದೆ. ಇರಲಿ. ಆ ಸೋಲಾರ್ ಬಿಲ್ಲೆಗಳು ಒಣಗಿದ ಎಲೆಯಷ್ಟು ತೆಳು. ಬೆಸುಗೆ ಹಾಕುವಾಗ ಅರ್ಧಕ್ಕರ್ಧ ಮುರಿದವು. ಪ್ಯಾನೆಲ್ಲಿನಿಂದ ಒಂದು ಮಿಣುಕೂ ಬರಲಿಲ್ಲ. ಅಷ್ಟರಲ್ಲಿ ಮಗಳು, ಅಳಿಯ ನೋಡಲು ಬಂದುಬಿಟ್ಟರು. ಮಾನ ಉಳಿಯಲೆಂದು ಬಕೆಟ್ ಬೋರಲು ಹಾಕಿ, ಅದರಡಿ ಬ್ಯಾಟರಿ ಬಚ್ಚಿಟ್ಟು ತಂತಿ ಎಳೆದೆ.

ತಾರಸಿಯಲ್ಲಿ ಬಲ್ಬು ಉರಿಯಿತು. "ಬ್ಯಾಟರಿ ಗೀಟರಿ ಏನೂ ಇಲ್ಲ, ಡೈರೆಕ್ಟ್ ಸೂರ್ಯನಿಂದ!" ಎಂದೆ.

"ಮಾವ, ನೀವು ಸೈಂಟಿಸ್ಟೇ ಬಿಡಿ," ಎಂದ ಅಳಿಯ.

ಮಗಳು ತಲೆ ಒರೆಸಿಕೊಂಡ ಒದ್ದೆ ಟವೆಲನ್ನು ಪ್ಯಾನೆಲ್ ಮೇಲೆ ಹರವಿದಳು. ಬಿಸಿಲಿರುವಲ್ಲೆಲ್ಲ ಏನಾದರೂ ಒಣಹಾಕುವುದು ನಿನ್ನದೇ ಚಾಳಿ. ಬಲ್ಬು ಮಾತ್ರ ಉರಿಯುತ್ತಲೇ ಇತ್ತು.

ಅವಳು ಬಲ್ಬು ನೋಡಿದಳು, ಬಕೆಟ್ ನೋಡಿದಳು. ಗಂಡ ಇತ್ತ ತಿರುಗುವಷ್ಟರಲ್ಲಿ ಟವೆಲ್ ಎಳೆದುಕೊಂಡು, "ಚೆನ್ನಾಗಿ ಉರೀತಿದೆ ಅಪ್ಪಾ. ನಡೀರಿ, ಊಟ ಮಾಡೋಣ," ಎಂದಳು.

ನಾನು ತಲೆ ಎತ್ತಲಿಲ್ಲ. ಅದು ಥೇಟ್ ನಿನ್ನ ದನಿ. ನಾನು ರಿಪೇರಿ ಮಾಡಿದ ಮಿಕ್ಸಿಯನ್ನು, "ಹೊಸದರ ಹಾಗಾಗಿದೆ ರೀ, ಸುಮ್ಮನೆ ಯಾಕೆ ಸವೆಸೋದು," ಎಂದು ಅಟ್ಟಕ್ಕೇರಿಸಿ, ಕಡೆಯವರೆಗೂ ಕಲ್ಲಿನಲ್ಲೇ ಅರೆದೆಯಲ್ಲ, ಆ ದನಿ.

ಮಿಕ್ಸಿಯನ್ನು ಕೆಳಗಿಳಿಸಿ ಮುಂದಿಟ್ಟುಕೊಂಡು ಕೂತಿದ್ದೇನೆ. ಪ್ಲಗ್ ಹಾಕಲು ಧೈರ್ಯ ಬರುತ್ತಿಲ್ಲ.