ಕಡಲಾಚೆ ಹೋದ ಮೆಷಿನ್

ಬಂಟ್ವಾಳ
ಗುರುವಾರ, 7 ನವೆಂಬರ್ 2024

ಪ್ರೀತಿಯ ನನ್ನ ಮನೆಯವರಿಗೆ, ಶಾಹಿದಾಳ ಸಲಾಂ.

ಉಮ್ಮ ಆರೋಗ್ಯವಾಗಿದ್ದಾರೆ, ಮಗಳ ಶೀತ ಬಿಟ್ಟಿದೆ. ಇಷ್ಟನ್ನು ಫೋನಿನಲ್ಲೇ ಹೇಳಿದ್ದೆ. ಉಳಿದದ್ದನ್ನು ಫೋನಿನಲ್ಲಿ ಹೇಳುವ ಹಾಗಿಲ್ಲ. ಕಂಪನಿಯವರು ನಿಮ್ಮ ಮೊಬೈಲ್ ತೆಗೆದಿಟ್ಟುಕೊಂಡ ಮೇಲೆ ನೀವು ಆಫೀಸಿನ ಫೋನಿನಿಂದ ಮಾತನಾಡುತ್ತೀರಿ. ಪಕ್ಕದಲ್ಲಿ ಯಾರೋ ಕೆಮ್ಮುವುದು ನನಗೆ ಕೇಳಿಸುತ್ತದೆ. ಎಲ್ಲ ಸೌಖ್ಯ ಉಂಟು ಎಂದು ನೀವು ಹೇಳುವ ರೀತಿಯಲ್ಲೇ ಸೌಖ್ಯ ಇಲ್ಲವೆಂದು ಗೊತ್ತಾಗುತ್ತದೆ. ನನ್ನ ಚಿಕ್ಕಪ್ಪನ ಮಗ ರಮೀಝ್ ನಾಳೆ ದುಬೈಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಓದಿ ಹರಿದುಬಿಡಿ.

ಭಾನುವಾರ ಸಂಜೆಯ ಅಸರ್ ನಮಾಝ್ ಮುಗಿದ ಮೇಲೆ ಶುಕೂರ್ ಹಾಜಿಯವರು ಮನೆಗೆ ಬಂದರು. ನಿಮಗೆ ಆ ಕಾರ್ಡ್ ಮೆಷಿನ್ ಕಂಪನಿಯ ಕೆಲಸ ಕೊಡಿಸಿದವರು, ನಿಮ್ಮ ಮ್ಯಾನೇಜರರ ಅಕ್ಕನ ಗಂಡ. ಅವರು ಬಂದರೆಂದು ಉಮ್ಮನಿಗೆ ಬಹಳ ಸಂತೋಷ. ಹಲ್ವದ ಪೊಟ್ಟಣ ತಂದಿದ್ದರು. ಉಮ್ಮ ಚಹಾ ಮಾಡಲು ಒಳಗೆ ಹೋದದ್ದೇ ದನಿ ತಗ್ಗಿಸಿದರು.

"ನೋಡು ಮಗಳೇ, ವಿಷಯ ನಮ್ಮ ಕೈ ಮೀರಿ ಹೋಗಿದೆ. ಇದು ಅಮೆರಿಕಕ್ಕೂ ಇರಾನಿಗೂ ಇರುವ ಜಗಳ. ಇರಾನಿನಲ್ಲಿ ಈ ಹೊರದೇಶದ ಕಾರ್ಡ್ ಉಜ್ಜಲಿಕ್ಕೇ ಇಲ್ಲ, ನಿರ್ಬಂಧ ಉಂಟು. ನಮ್ಮ ಕಂಪನಿಯವರು ದುಬೈಯ ಕೇಸರಿ ಅಂಗಡಿಗೆ ಕಾರ್ಡ್ ಮೆಷಿನ್ ಕೊಟ್ಟಿದ್ರು. ಅವ ಅದನ್ನು ದೋಣಿಯಲ್ಲಿ ಕಡಲಾಚೆ ಇರಾನಿಗೆ ಕಳಿಸಿದ್ದಾನೆ. ಅಲ್ಲಿ ಹೋಟೆಲಲ್ಲಿ ಉಜ್ಜಿದ ಕಾರ್ಡು ದುಬೈಯಲ್ಲಿ ಉಜ್ಜಿದ ಹಾಗೆ ತೋರಿಸಿದೆ. ಈಗ ದೊಡ್ಡ ಕಾರ್ಡ್ ಕಂಪನಿಗೆ ಗೊತ್ತಾಯಿತು. ಯಾರು ಮಾಡಿದ್ದು ಅಂತ ಹೇಳದಿದ್ದರೆ ನಮ್ಮ ಕಂಪನಿಯ ಎಲ್ಲ ಮೆಷಿನೂ ಬಂದ್ ಮಾಡ್ತಾರೆ. ಬಂಟ್ವಾಳ, ಮೂಡುಬಿದಿರೆಯವರೇ ಎಷ್ಟು ಮಂದಿ ಅಲ್ಲಿ ದುಡಿಯುವುದು, ಯೋಚನೆ ಮಾಡು."

ಅದಕ್ಕೆ ನಮ್ಮವರು ಏನು ಮಾಡಬೇಕು ಎಂದು ಕೇಳಿದೆ. ಮೆಷಿನ್ ಅಂಗಡಿಯಲ್ಲಿ ಇಲ್ಲವೆಂದು ಗೊತ್ತಿದ್ದೂ ಮುಚ್ಚಿಟ್ಟೆ ಎಂದು ನೀವು ಬರೆದು ಸಹಿ ಹಾಕಬೇಕಂತೆ. ಹಾಕಿದರೆ ಗಲಾಟೆಯಿಲ್ಲದೆ ವಿಮಾನ ಹತ್ತಿಸುತ್ತಾರಂತೆ. ಹಾಕದಿದ್ದರೆ ಪೊಲೀಸರಿಗೆ ದೂರು. "ಒಂದೇ ರೂಮಿನಲ್ಲಿರುವ ಜಯಪ್ರಕಾಶ್ ಈಗಾಗಲೇ ಮುನವ್ವರನ ಹೆಸರು ಬರೆದುಕೊಟ್ಟಾಗಿದೆ. ನೀನು ಹೇಳಿದರೆ ಮುನವ್ವರ್ ಕೇಳ್ತಾನೆ," ಎಂದರು.

"ಮಾಡದ್ದನ್ನು ಮಾಡಿದೆ ಅಂತ ಹೇಗೆ ಬರೆಯುವುದು ಹಾಜಿಯವರೇ?"

"ಮಾಡಿಲ್ಲ ಅಂತ ನಿನಗೆ ಹೇಗೆ ಗೊತ್ತು?"

ಅಷ್ಟರಲ್ಲಿ ಉಮ್ಮ ಚಹಾ ತಂದರು, ಹಾಜಿಯವರು ಮಳೆಯ ಮಾತು ತೆಗೆದರು.

ಆ ಪ್ರಶ್ನೆ ಮಾತ್ರ ಮನೆಯಲ್ಲೇ ಉಳಿಯಿತು. ನೀವು ರಜೆಗೆ ಬಂದಾಗ ಅದೇ ಅಂಗಡಿಯ ಕೇಸರಿಯ ಪುಟ್ಟ ಡಬ್ಬ ತಂದಿದ್ದಿರಿ. ಅಂಗಡಿಯವರು ಪ್ರೀತಿಯಿಂದ ಕೊಟ್ಟದ್ದು ಎಂದಿದ್ದಿರಿ. ಅಡಿಗೆಮನೆಯಲ್ಲಿ ಅದನ್ನು ಕಂಡಾಗಲೆಲ್ಲ ಕೇಳಿಕೊಳ್ಳುತ್ತಿದ್ದೆ: ಯಾಕೆ ಕೊಟ್ಟರು? ಸುಮ್ಮನೆ ಕೊಡುವರೇ? ಇನ್ನೊಂದು ಕಡೆ, ಪಾಣೆಮಂಗಳೂರು ಸೇತುವೆಯಲ್ಲಿ ಸ್ಕೂಟರ್ ನಿಲ್ಲಿಸಿ ನೀವು ಹೇಳಿದ್ದೂ ನೆನಪಾಗುತ್ತಿತ್ತು. ಒಂದು ಅಂಗಡಿಗೆ ತಪಾಸಣೆಗೆ ಹೋದರೆ ಮೆಷಿನೇ ಇರಲಿಲ್ಲ, ಗಾಳಿ ತಿನ್ನಲು ಹೋಗಿದೆ ಎಂದು ಆ ಮನುಷ್ಯ ನಕ್ಕ, ಮ್ಯಾನೇಜರರಿಗೆ ಹೇಳಿದರೆ ವ್ಯಾಪಾರ ಒಳ್ಳೆಯದುಂಟು, ನೀನು ಸುಮ್ಮನಿರು ಎಂದರು – ಹೀಗೆ ಹೇಳಿದ್ದಿರಿ ಅಲ್ಲವೇ? ಅಥವಾ ನನ್ನ ಸಮಾಧಾನಕ್ಕೆ ನಾನೇ ಕಟ್ಟಿಕೊಂಡ ಮಾತೇ? ಶಾಲೆಯಲ್ಲಿ ಮಕ್ಕಳಿಗೆ ಉಕ್ತಲೇಖನ ಕೊಡುತ್ತಾ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುತ್ತಿದ್ದೆನಂತೆ. ಮಕ್ಕಳು ನಕ್ಕಾಗಲೇ ನನಗೆ ಗೊತ್ತಾದದ್ದು.

ಮಂಗಳವಾರ ರಜೆ ಹಾಕಿದೆ. ಬೆಳ್ತಂಗಡಿಯಲ್ಲಿ ಶಿಕ್ಷಕರ ತರಬೇತಿ ಎಂದು ಉಮ್ಮನಿಗೆ ಸುಳ್ಳು ಹೇಳಿ ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿದೆ. ಜಯಪ್ರಕಾಶರ ಹೆಂಡತಿ ಚಿತ್ರಾ ಉಜಿರೆಯ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವುದೆಂದು ನೀವೇ ಒಮ್ಮೆ ಹೇಳಿದ್ದು. ಒಂದೇ ರೂಮಿನಲ್ಲಿ ಇಷ್ಟು ವರ್ಷ ಒಟ್ಟಿಗೆ ಉಂಡವರ ಮೇಲೆ ಹೀಗೆ ಬರೆಯಲು ನಿನ್ನ ಗಂಡನಿಗೆ ಹೇಗೆ ಮನಸ್ಸು ಬಂತು ಎಂದು ಅವಳನ್ನು ಕೇಳಬೇಕೆಂದಿದ್ದೆ. ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿದ್ದು ಗೊತ್ತಾಗಲಿಲ್ಲ; ಮಾತುಗಳನ್ನು ಬಾಯಿಪಾಠ ಮಾಡುತ್ತಾ ಕುಳಿತಿದ್ದೆ.

ನಾನು ಯಾರೆಂದು ಹೇಳಿದ ಕೂಡಲೇ ಅವಳ ಮುಖ ಬಿಗಿದುಕೊಂಡಿತು. ಕಾಲೇಜಿನ ಹುಡುಗಿಯರು ನೋಟ್ಸ್ ಹಿಡಿದು ಸಾಲು ನಿಂತಿದ್ದರು. ಅವರೆಲ್ಲ ಹೋಗುವವರೆಗೆ ನನ್ನ ಕಡೆ ನೋಡಲಿಲ್ಲ. ಆಮೇಲೆ ತಲೆ ಎತ್ತದೆ ಹೇಳಿದಳು:

"ನಿಮ್ಮ ಗಂಡ ನಮ್ಮವರ ಹೆಸರು ಬರೆದುಕೊಟ್ಟು ಆಯಿತಲ್ಲ. ಇನ್ನೆಂಥ ಬೇಕು ನಿಮಗೆ?"

ನಾನು ಆಡಬೇಕೆಂದು ತಂದ ಮಾತು ಅವಳ ಬಾಯಲ್ಲಿತ್ತು. ಯಾರು ಹೇಳಿದ್ದು ಎಂದು ಕೇಳಿದೆ.

"ಶುಕೂರ್ ಹಾಜಿ ಅಂತ. ಶನಿವಾರ ನೆರಿಯದ ನಮ್ಮ ಮನೆಗೇ ಬಂದಿದ್ರು. ನಮ್ಮವರು ಸಹಿ ಹಾಕಿದ್ರೆ ಊರಿಗೆ ಕಳಿಸ್ತಾರಂತೆ, ಇಲ್ಲದಿದ್ರೆ ಪೊಲೀಸ್ ಅಂತೆ."

"ಹಲ್ವ ತಂದಿದ್ರಾ?"

ಅವಳು ನನ್ನನ್ನೇ ನೋಡಿದಳು. "ತಂದಿದ್ರು," ಎಂದಳು.

ಅಲ್ಲೇ ಕಾಗದದ ಕಟ್ಟುಗಳ ಮೇಲೆ ಇಬ್ಬರೂ ಕುಳಿತೆವು. ನನಗೆ ಹೇಳಿದ್ದನ್ನು ನಾನು ಹೇಳಿದೆ, ಅವಳಿಗೆ ಹೇಳಿದ್ದನ್ನು ಅವಳು ಹೇಳಿದಳು. ಹೆಸರು ಮಾತ್ರ ಅದಲು ಬದಲು. "ಅಕ್ಕ, ಆ ಹಾಜಿಯವರು ನಿನ್ನೆ ಪುನಃ ಫೋನ್ ಮಾಡಿದ್ರು. ನನ್ನ ಮೊಬೈಲಲ್ಲಿ ಎಲ್ಲ ಕಾಲ್ ತನ್ನಷ್ಟಕ್ಕೆ ರೆಕಾರ್ಡ್ ಆಗ್ತದೆ," ಎಂದಳು. ಹಾಕಿ ಕೇಳಿದೆವು. ಮುನವ್ವರ್ ಬರೆದುಕೊಟ್ಟಾಯಿತು, ಇನ್ನು ತಡ ಮಾಡಬಾರದು ಎಂದು ಹಾಜಿಯವರ ದನಿ. ಕೊನೆಗೆ ಹೇಳುತ್ತಾರೆ: "ಮ್ಯಾನೇಜರಿಗೆ ಮೊದಲೇ ಗೊತ್ತಿತ್ತು ಅಂತ ಮಾತ್ರ ನಿನ್ನ ಗಂಡ ಎಲ್ಲಿಯೂ ಹೇಳಬಾರದು. ಮುನವ್ವರ್ ಹೋಗಿ ಹೇಳಿದ್ದು, ಇವ ಅದನ್ನು ಕಂಪ್ಯೂಟರಿಗೆ ಹಾಕಿದ್ದು, ಅದೆಲ್ಲ ಮರೆತುಬಿಡಲಿ."

ನನಗೆ ಅಳು ಬಂತು. ಸೇತುವೆಯ ಮಾತು ನಿಜ ಎಂಬ ಸಂತೋಷಕ್ಕೋ, ನಿಮ್ಮನ್ನು ನಂಬಲು ಇನ್ನೊಬ್ಬರ ಫೋನು ಬೇಕಾಯಿತಲ್ಲ ಎಂಬ ನಾಚಿಕೆಗೋ, ಹೇಳಲಾರೆ. ಚಿತ್ರಾ ಬಾಗಿಲು ಅರ್ಧ ಎಳೆದು ನೀರು ಕೊಟ್ಟಳು.

ಈ ವಿಚಾರಣೆಗೆಂದು ದೊಡ್ಡ ಕಾರ್ಡ್ ಕಂಪನಿಯವರು ಹೊರದೇಶದಿಂದ ಕಳಿಸಿದ ವಕೀಲೆಯ ಇಮೇಲ್ ವಿಳಾಸವನ್ನು ಜಯಪ್ರಕಾಶ್ ಮೊಬೈಲ್ ಕೊಡುವ ಮುಂಚೆ ಅವಳಿಗೆ ಕಳಿಸಿದ್ದರಂತೆ. ಯಾರೂ ಬರೆಯಬಹುದಂತೆ. "ಇದನ್ನು ಕಳಿಸುವ ಅಕ್ಕ," ಎಂದಳು. ಮ್ಯಾನೇಜರರಿಗೆ ಗೊತ್ತಾದರೆ ಅಲ್ಲಿರುವ ನಿಮ್ಮ ಗತಿ ಏನು? ಕಂಪನಿ ಉಳಿಯಬೇಕೆಂದು ಅವರು ಏನು ಮಾಡಲಿಕ್ಕೂ ಹೇಸುವವರಲ್ಲ. ಬಹಳ ಹೊತ್ತು ಮಾತನಾಡಿಕೊಂಡೆವು. ಸಂಜೆಯ ಬಸ್ಸಿಗೆ ನನ್ನನ್ನು ಹತ್ತಿಸಿ ಅವಳು ನೆರಿಯಕ್ಕೆ ಹೋದಳು.

ಇನ್ನೊಂದು ಮಾತು. ಜಯಪ್ರಕಾಶ್ ಮೊನ್ನೆ ಫೋನಿನಲ್ಲಿ, ಈಗ ನನ್ನ ಗಂಜಿ ನಾನೇ ಬೇಯಿಸ್ತೇನೆ ಎಂದರಂತೆ. ಅಷ್ಟರಲ್ಲೇ ಚಿತ್ರಾಗೆ ಅರ್ಥವಾಯಿತು. ಒಂದೇ ರೂಮಿನಲ್ಲಿ ಎರಡು ಪಾತ್ರೆ. ನಿಮಗೂ ಅವರಿಗೂ ಅಲ್ಲಿ ಇದೇ ಮಾತನ್ನು ಬೇರೆ ಬೇರೆಯಾಗಿ ಹೇಳಿರಬೇಕು. ಜಯಪ್ರಕಾಶ್ ನಿಮ್ಮ ಹೆಸರು ಬರೆದುಕೊಟ್ಟಿಲ್ಲ. ಈ ಕಾಗದ ಓದಿದ ಕೂಡಲೇ ಅವರ ಹತ್ತಿರ ಹೋಗಿ ಕುಳಿತುಕೊಳ್ಳಿ.

ಮತ್ತೆ ನೀವು? ಸಹಿ ಹಾಕಿದ್ದೀರಾ? ಭಯದಲ್ಲಿ ಹಾಕಿದ್ದರೂ ನನಗೆ ಹೇಳಿ, ನಾನು ಬಯ್ಯುವುದಿಲ್ಲ. ಮನೆಗೆ ಬೇಗ ಬರಬೇಕೆಂಬ ಆಸೆಯಿಂದ ಹಾಕಿದ್ದರೆ ಅದರಲ್ಲಿ ನನ್ನ ಪಾಲೂ ಉಂಟು. ಪ್ರತಿ ಫೋನಿನಲ್ಲೂ ಯಾವಾಗ ಬರ್ತೀರಿ ಎಂದು ಕೇಳುತ್ತಿದ್ದವಳು ನಾನೇ. ಕಂಪನಿಯ ಮೆಷಿನೆಲ್ಲ ಬಂದ್ ಆದರೆ ಆಗಲಿ. ಕೆಲಸ ಹೋಗಿ ಬಂದರೆ ಹೇಗೂ ಬದುಕುವ. ಮಾಡದ ತಪ್ಪು ಹೊತ್ತುಕೊಂಡು ಬಂದರೆ ಮಗಳಿಗೆ ಏನು ಹೇಳುವುದು?

ಉಮ್ಮನಿಗೆ ಏನೂ ಹೇಳಿಲ್ಲ. ಹಲ್ವ ಚೆನ್ನಾಗಿತ್ತು, ಹಾಜಿಯವರು ಮತ್ತೆ ಬರಲಿಲ್ಲವಲ್ಲ ಎನ್ನುತ್ತಿದ್ದಾರೆ.

ದುಆ ಮಾಡುತ್ತಾ,
ನಿಮ್ಮ
ಶಾಹಿದಾ

ಮತ್ತೆ ಬರೆದದ್ದು, ಶುಕ್ರವಾರ ಬೆಳಿಗ್ಗೆ:

ಮೇಲೆ ಒಂದು ವಿಷಯ ಬರೆಯದೆ ಬಿಟ್ಟಿದ್ದೆ. ರೆಕಾರ್ಡನ್ನು ಮಂಗಳವಾರವೇ, ಆ ಅಂಗಡಿಯಲ್ಲೇ ಕುಳಿತು, ವಕೀಲೆಗೆ ಕಳಿಸಿದೆವು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಕಾಗದ. ಚಿತ್ರಾ ಟೈಪ್ ಮಾಡಿದಳು, ಇಬ್ಬರೂ ಹೆಸರು ಹಾಕಿದೆವು. ನೀವು ಸಿಟ್ಟಾಗುವಿರೆಂದು ನಿನ್ನೆ ಬರೆಯಲು ಧೈರ್ಯ ಬರಲಿಲ್ಲ. ಈಗ ತಾನೇ ಉತ್ತರ ಬಂತೆಂದು ಚಿತ್ರಾ ಫೋನ್ ಮಾಡಿದಳು. ವಿಚಾರಣೆ ಮುಗಿಯುವವರೆಗೆ ಮ್ಯಾನೇಜರ್ ಆಫೀಸಿಗೆ ಬರಬಾರದಂತೆ. ಸೋಮವಾರ ನಿಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತಾರಂತೆ.

ಆ ಕಾಗದದಲ್ಲಿ, ನನ್ನ ಗಂಡ ಯಾವುದಕ್ಕೂ ಸಹಿ ಹಾಕಿಲ್ಲ ಎಂದು ನಾನು ಬರೆಸಿದ್ದೇನೆ. ನಿಮ್ಮನ್ನು ಕೇಳದೆ ಬರೆಸಿದ್ದು. ಹಾಕಿದ್ದರೆ, ಅವರು ಕೇಳುವ ಮೊದಲೇ ನೀವೇ ಹೇಳಿಬಿಡಿ. ಹಾಕಿಲ್ಲದಿದ್ದರೆ ರಮೀಝನ ಫೋನಿನಿಂದ ಒಂದು ಮಿಸ್ ಕಾಲ್ ಕೊಡಿ, ಸಾಕು. ಕ್ಲಾಸಿಗೂ ಮೊಬೈಲ್ ತೆಗೆದುಕೊಂಡು ಹೋಗುತ್ತೇನೆ.